ಸ್ವರಗಳಿಗೆ ಹೆಸರಿಟ್ಟ ಗ್ವೀದೋ ಸನ್ಯಾಸಿ

ನಮ್ಮ ಪಾಠಶಾಲೆಯ ವೃಂದಗಾನದಲ್ಲಿ ಒಮ್ಮೆಯಾದರೂ ನಿಂತು ಹಾಡಿದ ಸಹೋದರಿಯರಿಗೆ ಈ ಸಂಗತಿಯು ನೆನಪಿರಬಹುದು. ಹೊಸ ಗೀತವೊಂದನ್ನು ಕೈಗೆ ಕೊಟ್ಟೊಡನೆ ನಮ್ಮಲ್ಲಿ ಅನೇಕರು ಕಾಗದವನ್ನು ನೋಡದೆ, ಪಕ್ಕದಲ್ಲಿ ನಿಂತವಳ ಕಂಠವನ್ನೇ ಆಶ್ರಯಿಸುತ್ತಿದ್ದೆವು. ಅವಳು ಏರಿದರೆ ನಾವು ಏರುತ್ತಿದ್ದೆವು. ಅವಳು ತಪ್ಪಿದರೆ ನಾವೂ ತಪ್ಪುತ್ತಿದ್ದೆವು. ಅವಳು ಶಾಲೆಗೆ ಬಾರದ ದಿನ ನಮ್ಮ ಸಾಲೇ ಮೂಕವಾಗುತ್ತಿತ್ತು. ಉಪಾಧ್ಯಾಯಿನಿಯವರು ಕರಿಹಲಗೆಯ ಮೇಲೆ ಐದು ಗೆರೆಗಳನ್ನೆಳೆದು ಸಂಗೀತದ ಪಾರಿಭಾಷಿಕ ಶಬ್ದಗಳನ್ನು ಬರೆಯಿಸಿದಾಗ, ಹಾಡುವುದಕ್ಕೆ ಕಂಠವೊಂದಿದ್ದರೆ ಸಾಲದೆ, ಈ ಶಬ್ದಗಳ ಹೊರೆಯೇಕೆಂದು ಗೊಣಗಿದವರೂ ನಾವೇ. ಆ ಗೊಣಗಾಟಕ್ಕೆ ಸುಮಾರು 1,000 ವರ್ಷಗಳ ಹಿಂದೆಯೇ ಉತ್ತರ ಕೊಟ್ಟ ಮಹನೀಯನೊಬ್ಬನ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸುವೆವು.

ಗ್ವೀದೋ ಎಂಬಾತನು ಸುಮಾರು ಕ್ರಿ. ಶ. 991ರ ವೇಳೆಯಲ್ಲಿ ಜನಿಸಿದನು. ಇಟಲಿ ದೇಶದ ಪೂರ್ವ ಕರಾವಳಿಗೆ ಸಮೀಪವಾದ ಪೊಂಪೋಸಾ ಎಂಬ ಮಠದಲ್ಲಿ ಸಂತ ಬೆನೆಡಿಕ್ಟನ ನಿಯಮವನ್ನು ಕೈಕೊಂಡ ಸನ್ಯಾಸಿಯಾಗಿದ್ದನು. ಅಂತಹ ಮಠಗಳಲ್ಲಿ ಹಗಲೂ ಇರುಳೂ ಗೊತ್ತಾದ ವೇಳೆಗಳಲ್ಲಿ ದೇವಸ್ತುತಿಯನ್ನು ಹಾಡುವುದು ಎಲ್ಲರ ಕರ್ತವ್ಯವಾಗಿತ್ತು. ಹಬ್ಬಹಬ್ಬಕ್ಕೂ ಬದಲಾಗುವ ಗೀತಗಳಿಗೆ ಲೆಕ್ಕವಿರಲಿಲ್ಲ. ಆಗಿನ ಪುಸ್ತಕಗಳಲ್ಲಿ ಸಾಹಿತ್ಯದ ಮೇಲೆ ಸಣ್ಣ ಸಣ್ಣ ಗೀಟುಗಳನ್ನೂ ಕೊಕ್ಕೆಗಳನ್ನೂ ಬರೆಯುತ್ತಿದ್ದರು. ಧ್ವನಿಯು ಏರಬೇಕೋ ಇಳಿಯಬೇಕೋ ಎಂಬುದನ್ನು ಅವು ತೋರಿಸುತ್ತಿದ್ದವು; ಎಷ್ಟು ಏರಬೇಕೆಂಬುದನ್ನು ಹೆಚ್ಚಿನ ಪುಸ್ತಕಗಳು ತಿಳಿಸುತ್ತಿರಲಿಲ್ಲ. ಹಾಡನ್ನು ಮೊದಲೇ ಬಲ್ಲವನಿಗೆ ಅದು ಜ್ಞಾಪಕದ ಗುರುತು. ಅರಿಯದವನಿಗೆ ಬರಿಯ ಒಗಟು. ಆದುದರಿಂದ ಹುಡುಗರು ಹತ್ತು ವರ್ಷ ಶ್ರಮಪಟ್ಟು ಕಲಿತರೂ ಗುರುವು ಎದುರಿಗಿಲ್ಲದೆ ಅತಿ ಚಿಕ್ಕ ಹೊಸ ಗೀತವನ್ನೂ ಹಾಡಲಾರದೆ ಹೋಗುತ್ತಿದ್ದರು.

ಇದನ್ನು ಕಂಡು ಗ್ವೀದೋ ಮರುಗಿದನು. ಮಿಖಾಯೇಲನೆಂಬ ತನ್ನ ಸಹಸನ್ಯಾಸಿಯೊಡನೆ ಕೂಡಿ ಗೀತಪುಸ್ತಕವೊಂದನ್ನು ಹೊಸ ರೀತಿಯಲ್ಲಿ ಬರೆಯತೊಡಗಿದನು. ಅದರಲ್ಲಿ ಗೆರೆಗಳನ್ನೆಳೆದು, ಪ್ರತಿಯೊಂದು ಗೆರೆಗೂ ಗೆರೆಗಳ ನಡುವಣ ಪ್ರತಿಯೊಂದು ಎಡೆಗೂ ಒಂದೊಂದು ಸ್ವರವನ್ನು ಗೊತ್ತುಮಾಡಿದನು. ಹಾಡುವವರು ಹೆಚ್ಚಾಗಿ ಎಡವುವುದು ಅರ್ಧ ಅಂತರವಿರುವ ಸ್ಥಳಗಳಲ್ಲಿ. ಆದಕಾರಣ ಅಂತಹ ಅಂತರಗಳ ಮೇಲಂಚಿನಲ್ಲಿರುವ ಎರಡು ಸ್ವರಗಳ ಗೆರೆಗಳಲ್ಲಿ ಒಂದಕ್ಕೆ ಕೆಂಪನ್ನೂ ಮತ್ತೊಂದಕ್ಕೆ ಹಳದಿಯನ್ನೂ ಹಚ್ಚಿದನು. ಗೆರೆಯ ಮೊದಲಿಗೆ ಸ್ವರದ ಅಕ್ಷರವನ್ನಿಟ್ಟನು.

ಆದರೆ ಹಿತವನ್ನು ಮಾಡಿದವನಿಗೆ ಮನ್ನಣೆಯು ದೊರೆಯಲಿಲ್ಲ. ಬಹುಕಾಲ ಕಷ್ಟಪಟ್ಟು ಗಳಿಸಿದ ವಿದ್ಯೆಯನ್ನು ಬಾಲಕರು ಬೇಗನೆ ಕಲಿತುಬಿಡುವುದನ್ನು ಕಂಡು ಮಠದವರು ಅಸೂಯೆಪಟ್ಟರು. ಮಠಾಧಿಪತಿಯೂ ಅವನಿಗೆ ವಿರೋಧವಾದನು. ಗ್ವೀದೋ ಆ ಸ್ಥಳವನ್ನು ಬಿಟ್ಟು, ಸುಮಾರು 1025ರಲ್ಲಿ ಅರೆಜ್ಜೋ ಪಟ್ಟಣವನ್ನು ಸೇರಿದನು. ಅಲ್ಲಿಯ ಬಿಷಪನಾದ ತೆಓದಾಲ್ದನು ಅವನಿಗೆ ಆಶ್ರಯಕೊಟ್ಟು, ಪ್ರಧಾನ ದೇವಾಲಯದಲ್ಲಿ ಹಾಡುವ ಹುಡುಗರನ್ನು ಅವನ ವಶಕ್ಕೆ ಒಪ್ಪಿಸಿದನು. ಈ ಬಿಷಪನಿಗೇ ಗ್ವೀದೋ ತನ್ನ ಮಿಕ್ರೋಲೋಗಸ್ ಎಂಬ ಸಂಗೀತಗ್ರಂಥವನ್ನು ಅರ್ಪಿಸಿದನು.

ಗೆರೆಯು ಕಣ್ಣಿಗೆ ದಾರಿ ತೋರಿತು; ಕಿವಿಗೂ ಒಂದು ಆಧಾರವು ಬೇಕಾಗಿತ್ತು. ಸ್ನಾನಿಕನಾದ ಯೋಹಾನನ ಸ್ತುತಿರೂಪವಾದ ಲ್ಯಾಟಿನ್ ಗೀತವೊಂದನ್ನು ಗ್ವೀದೋ ಇದಕ್ಕಾಗಿ ಆರಿಸಿಕೊಂಡನು. ಆ ಗೀತದ ಮೊದಲ ಆರು ತುಂಡುಗಳು ಮೆಟ್ಟಿಲುಗಳಂತೆ ಒಂದಕ್ಕಿಂತ ಒಂದು ಮೇಲಿನ ಸ್ವರದಿಂದ ಆರಂಭವಾಗುವುವು. ಅವುಗಳ ಮೊದಲ ಅಕ್ಷರಗಳಾದ ಉತ್, ರೆ, ಮಿ, ಫಾ, ಸೋಲ್, ಲಾ ಎಂಬವೇ ಸ್ವರಗಳ ಹೆಸರುಗಳಾದವು. ಹೆಸರನ್ನು ನೆನೆದರೆ ತುಂಡು ನೆನಪಾಗುವುದು; ತುಂಡು ನೆನಪಾದರೆ ಸ್ವರವು ಕಂಠಕ್ಕೆ ಬರುವುದು. ಹೀಗೆ ಹತ್ತು ವರ್ಷಗಳ ಪಾಠವು ಒಂದೇ ವರ್ಷಕ್ಕೆ, ಹೆಚ್ಚೆಂದರೆ ಎರಡು ವರ್ಷಗಳಿಗೆ ಇಳಿಯಿತು.

ಈ ಸುದ್ದಿಯು ರೋಮಿಗೆ ಮುಟ್ಟಿತು. ಸುಮಾರು 1028ರಲ್ಲಿ ಹತ್ತೊಂಬತ್ತನೆಯ ಯೋಹಾನನೆಂಬ ಪೋಪನು ಅವನನ್ನು ಕರೆಯಿಸಿಕೊಂಡು, ಪುಸ್ತಕದ ಹಾಳೆಗಳನ್ನು ಮಗುಚಿ ನೋಡಿ, ತಾನು ಎಂದೂ ಕೇಳದಿದ್ದ ಒಂದು ಚರಣವನ್ನು ಅಲ್ಲಿಯೇ ಕಲಿತು ಹಾಡಿ ಬೆರಗಾದನು. ರೋಮಿನ ಬೇಸಗೆಯ ಜೌಗುಹವೆಯು ಗ್ವೀದೋವಿನ ದೇಹಕ್ಕೆ ಒಗ್ಗದ ಕಾರಣ ಅವನು ಅಲ್ಲಿ ನಿಲ್ಲಲಿಲ್ಲ. ಆದರೆ ಹೊರಡುವ ಮೊದಲು ಪೊಂಪೋಸಾದ ಮಠಾಧಿಪತಿಯು ಆತನನ್ನು ಕಂಡು, ಪುಸ್ತಕವನ್ನು ನೋಡಿ, ಹಿಂದೆ ವಿರೋಧಿಸಿದುದಕ್ಕಾಗಿ ಪಶ್ಚಾತ್ತಾಪಪಟ್ಟು, ಮರಳಿ ಬರಬೇಕೆಂದು ಬೇಡಿಕೊಂಡನು. ಗ್ವೀದೋ ಈ ವೃತ್ತಾಂತವನ್ನೆಲ್ಲಾ ಮಿಖಾಯೇಲನಿಗೆ ಪತ್ರದ ಮೂಲಕ ತಿಳಿಸಿ, ತನ್ನ ಪದ್ಧತಿಯನ್ನೂ ಅದರಲ್ಲಿಯೇ ವಿವರಿಸಿದನು. ತನ್ನನ್ನು ನೋಯಿಸಿದವರಿಗೂ ವಿದ್ಯೆಯನ್ನು ಬಚ್ಚಿಡದ ಈ ದೊಡ್ಡ ಮನಸ್ಸೇ ಅವನ ಚರಿತ್ರೆಯ ಸಾರವೆಂದು ನಮಗೆ ತೋರುತ್ತದೆ.

ಸ್ವರಗಳಿಗೆ ಹೆಸರಿಡುವುದು ನಮ್ಮ ದೇಶಕ್ಕೆ ಹೊಸತಲ್ಲ. ಷಡ್ಜ ಮೊದಲಾದ ಏಳು ಸ್ವರಗಳನ್ನು ಭರತನ ನಾಟ್ಯಶಾಸ್ತ್ರವು ಗ್ವೀದೋವಿಗಿಂತ ಬಹು ಶತಮಾನಗಳ ಹಿಂದೆಯೇ ಹೇಳಿದೆ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಕೆಂಗೇರಿಗಳ ಮನೆಗಳಲ್ಲಿ ಸಾಯಂಕಾಲ ಶ್ರುತಿ ಹಿಡಿದು ಸರಳೆಗಳನ್ನು ಹಾಡುವ ಬಾಲೆಗೆ ಗ್ವೀದೋವಿನ ಮೆಟ್ಟಿಲುಗಳು ಅಪರಿಚಿತವಾಗಲಾರವು. ಅವನ ಆರು ಸ್ವರಗಳು ಶಂಕರಾಭರಣದ ಸ ರಿ ಗ ಮ ಪ ಧ ಎಂಬವುಗಳೇ. ಮಿ, ಫಾಗಳ ನಡುವಣ ಅರ್ಧ ಅಂತರವು ನಮ್ಮ ಗ, ಮಗಳ ನಡುವಣ ಅಂತರವೇ. ಏಳನೆಯದಾದ ಸಿ ಎಂಬ ಸ್ವರವನ್ನು ತರುವಾಯದವರು ಕೂಡಿಸಿದರು. ಉತ್ ಎಂಬುದು ಉಚ್ಚಾರಕ್ಕೆ ಸುಲಭವಾಗಲೆಂದು ದೋ ಆಯಿತು.

ಮಿಕ್ಕ ಶಬ್ದಗಳೂ ಹೀಗೆಯೇ ಅರ್ಥವುಳ್ಳವು. ಟೆನರ್ ಎಂದರೆ ಹಿಡಿದಿರುವುದು. ಹಿಂದೆ ಮುಖ್ಯ ಗೀತವನ್ನು ನೀಳವಾಗಿ ಹಿಡಿದು ಹಾಡುತ್ತಿದ್ದುದು ಆ ಕಂಠವು. ಅದಕ್ಕಿಂತ ಎತ್ತರವಾದುದು ಆಲ್ಟೋ, ಎಲ್ಲಕ್ಕೂ ಮೇಲಿನದು ಸೊಪ್ರಾನೋ, ತಗ್ಗಿನದು ಬಾಸ್. ತಗ್ಗಿದ ಕಂಠದ ನಮಗೆ ಎತ್ತರವೆಂಬ ಅರ್ಥದ ಹೆಸರೇಕೆ ಬಂತೆಂದು ಬೆರಗುಪಟ್ಟ ಆಲ್ಟೋ ಸಾಲಿನ ಸಹೋದರಿಯರಿಗೆ ಇದೇ ಸಮಾಧಾನ. ಪಿಯಾನೋ ಎಂದರೆ ಮೆಲ್ಲಗೆ, ಫೋರ್ಟೆ ಎಂದರೆ ಗಟ್ಟಿಯಾಗಿ, ಕ್ರೆಶೆಂಡೋ ಎಂದರೆ ಬೆಳೆಯುತ್ತಾ ಎಂಬರ್ಥ. ಇವುಗಳನ್ನು ಅರಿತವಳಿಗೆ ಗೀತದ ಹಾಳೆಯೇ ಗುರುವಿನಂತೆ ಮಾತನಾಡುವುದು.

ಗ್ವೀದೋ ಹಾಕಿದ ಏಣಿಯನ್ನು ನಮ್ಮಂತಹ ಬಾಲಿಕೆಯರ ಕೈಗೆಟುಕಿಸಿದವರು ಒಬ್ಬ ಮಹಿಳೆಯೆಂಬುದನ್ನು ಮರೆಯಬಾರದು. ಇಂಗ್ಲೆಂಡಿನ ನಾರ್ವಿಚ್ ಪಟ್ಟಣದ ಸಾರಾ ಗ್ಲೋವರ್ ಅಮ್ಮನವರು (1786–1867) ಹುಡುಗಿಯರಿಗೆ ಹಾಡು ಕಲಿಸುತ್ತಾ, ಈ ಹೆಸರುಗಳ ಮೊದಲ ಅಕ್ಷರಗಳಿಂದಲೇ ಗೀತಗಳನ್ನು ಬರೆಯುವ ಕ್ರಮವನ್ನು ಏರ್ಪಡಿಸಿ, 1835ರಲ್ಲಿ ಅದನ್ನು ಪುಸ್ತಕವಾಗಿ ಪ್ರಕಟಿಸಿದರು. ಸೋಲ್, ಸಿ ಎರಡಕ್ಕೂ ಮೊದಲ ಅಕ್ಷರವು ಒಂದೇ ಆದುದರಿಂದ ಸಿ ಎಂಬುದನ್ನು ಟಿ ಎಂದು ಮಾರ್ಪಡಿಸಿದವರು ಅವರೇ. ಜಾನ್ ಕರ್ವನ್ (1816–1880) ಎಂಬ ಪಾದ್ರಿಯವರು ಅದನ್ನು ತಿದ್ದಿ ಬೆಳೆಯಿಸಿ, ಟಾನಿಕ್ ಸೋಲ್-ಫಾ ಎಂಬ ಹೆಸರಿನಿಂದ ಹಬ್ಬಿಸಿದರು. ಅದು ಮಿಷನರಿಗಳೊಡನೆ ಆಫ್ರಿಕಾ ಖಂಡಕ್ಕೂ ಮಡಗಾಸ್ಕರಿಗೂ ನಮ್ಮ ದೇಶದ ಖಾಸಿ, ಮಿಜೋ ಬೆಟ್ಟಗಳಿಗೂ ಹೋಗಿ ನೆಲೆಸಿತು.

ಅರೆಜ್ಜೋ ಪಟ್ಟಣದಲ್ಲಿ ಗ್ವೀದೋವಿನ ಹೆಸರಿನಿಂದ ನಡೆಯುವ ವೃಂದಗಾನದ ಸ್ಪರ್ಧೆಗೆ ನಾನಾ ದೇಶಗಳ ಗಾಯಕರು ಬಂದಿದ್ದಾರೆ. ಆದರೆ ಆತನ ನಿಜವಾದ ಸ್ಮಾರಕವು ನಮ್ಮ ಶಾಲೆಯ ಕರಿಹಲಗೆಯ ಮೇಲಿನ ಗೆರೆಗಳೇ. ತಂದೆತಾಯಿಗಳೇ, ನಿಮ್ಮ ಮಗಳು ಆ ಗೆರೆಗಳನ್ನೂ ಆ ಶಬ್ದಗಳನ್ನೂ ಬಾಯಿಪಾಠ ಮಾಡುತ್ತಿರುವಾಗ ವ್ಯರ್ಥ ಕಾಲಕ್ಷೇಪವೆಂದು ಎಣಿಸದಿರಿ. ಪಕ್ಕದವಳ ಕಂಠವನ್ನು ಕಾಯದೆ ತಾನೇ ಓದಿ ಹಾಡುವ ಸಾಮರ್ಥ್ಯವನ್ನು ಅವಳು ಪಡೆಯುತ್ತಿದ್ದಾಳೆ. ನಾಳೆ ಪಕ್ಕದವಳು ಅಳುಕಿದಾಗ ಅವಳಿಗೆ ಆಧಾರವಾಗುವವಳೂ ಅವಳೇ.