ಹಕ್ಕಿಗಳ ಪರ ನಿಂತ ಸಲೀಂ ಅಲಿ

ರಾಯಚೂರು: ರಾಯಚೂರು, ದೇವದುರ್ಗ, ಮಾನ್ವಿ ಪ್ರದೇಶಗಳು ನಿಜಾಮರ ಆಳ್ವಿಕೆಯಲ್ಲಿದ್ದಾಗ, 1931-32ರಲ್ಲಿ, ಹೈದರಾಬಾದ್ ಸಂಸ್ಥಾನದ ಪಕ್ಷಿ ಸಮೀಕ್ಷೆ ಕೈಗೊಂಡವರು ಡಾ. ಸಲೀಂ ಅಲಿ. 1896ರ ನವೆಂಬರ್ 12ರಂದು ಮುಂಬೈಯಲ್ಲಿ ಜನಿಸಿದ ಅವರು ಬಾಲ್ಯದಲ್ಲೇ ಹೆತ್ತವರನ್ನು ಕಳೆದುಕೊಂಡರು. ತಾವೇ ಹೊಡೆದುರುಳಿಸಿದ ಹಳದಿ ಕೊರಳಿನ ಗುಬ್ಬಿಯೊಂದು ಅವರಲ್ಲಿ ಪಕ್ಷಿಲೋಕದ ಕುತೂಹಲ ಮೂಡಿಸಿತು. ಮುಂದೆ ಮೈಸೂರು ಸಂಸ್ಥಾನದಲ್ಲಿಯೂ ಸಮೀಕ್ಷೆ ನಡೆಸಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾದದ್ದು ಅವರ ಒತ್ತಾಯದಿಂದಲೇ.

ಇಳಿವಯಸ್ಸಿನಲ್ಲಿ ಅವರು, ಕೇರಳದ ಸೈಲೆಂಟ್ ವ್ಯಾಲಿಯ ಮಳೆಕಾಡನ್ನು ಮುಳುಗಿಸಲಿದ್ದ ಜಲವಿದ್ಯುತ್ ಯೋಜನೆಯನ್ನು ವಿರೋಧಿಸಿದರು. ವಿದ್ಯುತ್ತಿನ ಅಗತ್ಯ ಸುಳ್ಳಾಗಿರಲಿಲ್ಲ. ಆದರೆ ಕಡಿದ ಕಾಡಿಗೆ ಹಾಡುಹಕ್ಕಿ ಮರಳುವುದಿಲ್ಲ. ಕೊನೆಗೂ ಯೋಜನೆ ಕೈಬಿಡಲಾಯಿತು. 1984ರಲ್ಲಿ ಆ ಕಣಿವೆ ರಾಷ್ಟ್ರೀಯ ಉದ್ಯಾನವಾಯಿತು.

1985ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡರು. ಅದೇ ವರ್ಷ ರಾಯಚೂರಿನ ಶಕ್ತಿನಗರದಲ್ಲಿ ಶಾಖೋತ್ಪನ್ನ ವಿದ್ಯುತ್ ಸ್ಥಾವರದ ಮೊದಲ ಘಟಕ ಆರಂಭಗೊಂಡಿತು. 1987ರ ಜೂನ್ 20ರಂದು ಸಲೀಂ ಅಲಿ ನಿಧನರಾದರು. ಕೈಗಾರಿಕೆಗೆ ಮುನ್ನ ಹಕ್ಕಿಗಳ ನೆಲೆಯನ್ನು ಅರಿಯಬೇಕೆಂಬ ಪಾಠವನ್ನು ಅವರ ಬದುಕು ಉಳಿಸಿಹೋಗಿದೆ.