ಉತಾರದಾಗ ಹೆಸರು, ಕೋರ್ಟಿನಾಗ ಬಾಯಿ: ಬಾಬಾಸಾಹೇಬರ ಎರಡು ಹೋರಾಟ

ಹಂಸಭಾವಿ: ಉತಾರದಲ್ಲಿ ಯಾರ ಹೆಸರಿದೆ ಎಂಬುದರ ಮೇಲೆ ಹಳ್ಳಿಯ ಅರ್ಧ ಜಗಳ ನಿಂತಿದೆ. ಉಳಿದರ್ಧ, ಆ ಉತಾರ ಹಿಡಿದು ಕೋರ್ಟಿನ ಮೆಟ್ಟಿಲು ಹತ್ತಿದವನ ಪರ ಯಾರು ಮಾತಾಡುತ್ತಾರೆ ಎಂಬುದರ ಮೇಲೆ. ಈ ಎರಡೂ ಗಂಟನ್ನು ಒಟ್ಟಿಗೇ ಬಿಚ್ಚಲು ಹೊರಟ ಶಾಸನಕಾರರೆಂದರೆ ಡಾ. ಭೀಮರಾವ್ ರಾಮಜಿ ಅಂಬೇಡ್ಕರ್. ಸಂವಿಧಾನ ಬರೆದವರು ಎಂದು ಸಣ್ಣ ಹುಡುಗರಿಗೂ ಗೊತ್ತು. ಏಪ್ರಿಲ್ 14 ಬಂತೆಂದರೆ ಮಾಲೆ ಹಾಕುವುದೂ ಗೊತ್ತು. ಆದರೆ ಹೊಲಮನಿ ಹಕ್ಕಿನ ಬಗ್ಗೆ, ವಕೀಲಿ ಓದಿನ ಬಗ್ಗೆ ಅವರ ವಿಚಾರ ಏನಿತ್ತು ಎಂದು ಕೇಳಿದರೆ ಚಾವಡಿ ಕಟ್ಟೆಯ ಮೇಲೆ ಉತ್ತರ ಸಿಗುವುದು ಕಷ್ಟ.

ದೂರದ ಮಾತಲ್ಲ ಇದು. ಆಗ ಹಂಸಭಾವಿ ಇದ್ದದ್ದು ಮುಂಬಯಿ ಇಲಾಖೆಯಲ್ಲಿ. ಧಾರವಾಡ ಜಿಲ್ಲೆ, ಕೋಡ ತಾಲೂಕು. 1927ರಿಂದ ಅಂಬೇಡ್ಕರರು ಕುಳಿತಿದ್ದ ಮುಂಬಯಿ ಶಾಸನಸಭೆಯ ಕಾಯ್ದೆಯೇ ಈ ಊರಿಗೂ ಕಾಯ್ದೆ. ಅವರ ಕೆಲಸದಿಂದ ದಲಿತ ವಿದ್ಯಾರ್ಥಿಗಳಿಗೆ ವಸತಿಗೃಹ ಸಿಕ್ಕ ಐದು ಊರುಗಳಲ್ಲಿ ಧಾರವಾಡವೂ ಒಂದು.

1891ರಲ್ಲಿ ಮಹೂ ದಂಡಿನ ಊರಲ್ಲಿ ಸುಬೇದಾರರ ಮಗನಾಗಿ ಹುಟ್ಟಿದ ಹುಡುಗ, ಶಾಲೆಯಲ್ಲಿ ಗೋಣಿತಾಟು ಹಾಸಿಕೊಂಡು ಬೇರೆ ಕೂತು ಕಲಿತ. ಮುಂದೆ ಅಮೆರಿಕದ ಕೊಲಂಬಿಯಾ, ಲಂಡನ್ ಎಂದು ಓದಿ, ಬ್ಯಾರಿಸ್ಟರ್ ಆಗಿ 1923ರಲ್ಲಿ ಮುಂಬಯಿಗೆ ಬಂದು ವಕೀಲಿ ಶುರು ಮಾಡಿದರು. ಅಸ್ಪೃಶ್ಯ ಜಾತಿಯ ವಕೀಲನ ಹತ್ತಿರ ದೊಡ್ಡ ಕಕ್ಷಿದಾರರು ಬರಬೇಕಲ್ಲ! ಬಂದವರು ಬಡವರೇ. ಹೊಟ್ಟೆಪಾಡಿಗೆ ಕಾನೂನು ಪಾಠವನ್ನೂ ಹೇಳಿದರು.

ವತನವೆಂಬ ಬೇಡಿ

ಶಾಸನಸಭೆಯಲ್ಲಿ ಅವರು ಮೊದಲು ಕೈಹಾಕಿದ್ದು ವತನಕ್ಕೆ. ಮರಾಠಿ ಕಡೆ ಮಹಾರ ವತನ. ಧಾರವಾಡ ಕಡೆ ಓಲೇಕಾರಿಕೆ, ತಳವಾರಿಕೆ. ಹೆಸರು ಬೇರೆ, ಹಣೆಬರಹ ಒಂದೇ. ಒಂದು ತುಂಡು ಹೊಲ, ಸುಗ್ಗಿಯಲ್ಲಿ ಕಾಳುಕಡಿ ಆಯ. ಅದಕ್ಕೆ ಬದಲಾಗಿ ಹಗಲು ರಾತ್ರಿ ಸರಕಾರದ ಚಾಕರಿ, ಊರ ಗೌಡ ಕುಲಕರ್ಣಿಯರ ಕರೆ. ಒಬ್ಬನ ಹೆಸರಿಗೆ ಬಂದ ಕೆಲಸಕ್ಕೆ ಮನೆಮಂದಿಯೆಲ್ಲ ಓಡಬೇಕು. ಹೊಲ ತನ್ನದು ಎನ್ನುವಂತಿಲ್ಲ, ಬಿಟ್ಟು ಹೋಗುವಂತೆಯೂ ಇಲ್ಲ.

ಇಂಥ ಆಸ್ತಿ ಆಸ್ತಿಯೇ ಅಲ್ಲ, ಕಾಲಿಗೆ ಹಾಕಿದ ಬೇಡಿ ಎಂಬುದು ಅಂಬೇಡ್ಕರರ ವಾದ. 1874ರ ವತನ ಕಾಯ್ದೆಗೆ ತಿದ್ದುಪಡಿ ಬೇಕೆಂದು 1928ರಲ್ಲಿ ಮಸೂದೆ ತಂದರು. ಪೂರ್ತಿ ಕಂದಾಯ ಕಟ್ಟಲು ಒಪ್ಪಿದವನಿಗೆ ಚಾಕರಿಯಿಂದ ಬಿಡುಗಡೆಯಾಗಿ ಹೊಲ ಉಳಿಯಬೇಕು. ಆಯವನ್ನು ರೈತನ ಮನೆ ಬಾಗಿಲಲ್ಲಿ ನಿಂತು ಬೇಡದೆ ಕಂದಾಯದ ಜೊತೆ ಹಣವಾಗಿ ವಸೂಲು ಮಾಡಿ ಕೊಡಬೇಕು. ಕೇಳಿದ್ದು ಇಷ್ಟೇ. ಆ ಮಸೂದೆ ಕಾಯ್ದೆಯಾಗಲಿಲ್ಲ. 1937ರಲ್ಲಿ ಕೊಂಕಣದ ಖೋತ ಜಮೀನ್ದಾರಿ ರದ್ದಿಗೆ ಮಸೂದೆ ತಂದರು, 1938ರ ಜನವರಿಯಲ್ಲಿ ಸಾವಿರಾರು ರೈತರ ಮೆರವಣಿಗೆ ಮುಂಬಯಿಗೆ ಬಂತು. ಅದೂ ಆಗ ಪಾಸಾಗಲಿಲ್ಲ. ಖೋತಿ ಹೋದದ್ದು 1949ರ ಕಾಯ್ದೆಯಿಂದ. ಈ ಭಾಗದ ವತನಗಳಿಗೆ ಕೊನೆ ಹಾಡಿದ್ದು ಮೈಸೂರು ರಾಜ್ಯದ 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ. ತಳವಾರ, ವಾಲೀಕಾರ, ಬಾರ್ಕಿ ಎಂಬ ಅಡ್ಡಹೆಸರುಗಳಲ್ಲಿ ಆ ಚಾಕರಿಯ ನೆನಪು ಉಳಿದಿದೆ.

ಕೆರೆ ಯಾರಪ್ಪನ ಆಸ್ತಿ?

ಮಹಾಡದ ಚವದಾರ ಕೆರೆಯ ಕಥೆ ಬಹಳ ಮಂದಿಗೆ ಅರ್ಧ ಮಾತ್ರ ಗೊತ್ತು. 1927ರ ಮಾರ್ಚ್ 20ರಂದು ಸಾವಿರಾರು ಜನರೊಂದಿಗೆ ಹೋಗಿ ನೀರು ಕುಡಿದರು, ಅಲ್ಲಿಗೆ ಮುಗಿಯಿತು ಎಂದುಕೊಂಡವರೇ ಹೆಚ್ಚು. ಮುಗಿಯಲಿಲ್ಲ. ಸವರ್ಣೀಯರು ಕೋರ್ಟಿಗೆ ಹೋದರು. ಕೆರೆ ತಮ್ಮ ಖಾಸಗಿ ಆಸ್ತಿ ಎಂದು ದಾವೆ ಹೂಡಿದರು. ಪುರಸಭೆಯ ಕೆರೆ ರಾತ್ರೋರಾತ್ರಿ ಒಂದು ಗುಂಪಿನ ಆಸ್ತಿಯಾಯಿತು!

ಹತ್ತು ವರ್ಷ ಕೇಸು ನಡೆಯಿತು. 1937ರ ಮಾರ್ಚ್ 17ರಂದು ಮುಂಬಯಿ ಹೈಕೋರ್ಟು ಅಂಬೇಡ್ಕರರ ಕಡೆ ತೀರ್ಪು ಕೊಟ್ಟಿತು. ಕೆರೆಗೆ ಇಳಿಯಲು ಧೈರ್ಯ ಬೇಕಿತ್ತು. ಆ ಹಕ್ಕು ಉಳಿಸಿಕೊಳ್ಳಲು ಕಾನೂನು ಬಲ್ಲವರು ಬೇಕಾದರು.

ಬರೀ ಕಲಮು ಸಾಲದು

ಅಂಥವರನ್ನು ತಯಾರು ಮಾಡುವುದು ಹೇಗೆ? 1935ರಿಂದ 1938ರವರೆಗೆ ಅವರು ಮುಂಬಯಿ ಸರಕಾರಿ ಲಾ ಕಾಲೇಜಿನ ಪ್ರಿನ್ಸಿಪಾಲರಾಗಿದ್ದರು. 1936ರಲ್ಲಿ ಮುಂಬಯಿ ಇಲಾಖೆಯ ಕಾನೂನು ಶಿಕ್ಷಣ ಸುಧಾರಣೆ ಕುರಿತು ಕಾಲೇಜಿನ ಪತ್ರಿಕೆಗೆ ಲೇಖನ ಬರೆದರು. ಕಲಮುಗಳನ್ನು ಬಾಯಿಪಾಠ ಮಾಡಿದವ ವಕೀಲನಲ್ಲ ಎಂಬುದು ಅದರ ತಿರುಳು. ಕಾನೂನಿನ ಬುಡ ಗೊತ್ತಿರಬೇಕು. ಲೋಕಜ್ಞಾನ ಇರಬೇಕು. ವಿಷಯ ಜೋಡಿಸಿ ಹೇಳುವ ಕಲೆ, ತರ್ಕ, ಅಳೆದು ತೂಗಿದ ಭಾಷೆ, ನಿಂತ ಕಾಲಲ್ಲಿ ಉತ್ತರ ಕೊಡುವ ಚುರುಕು ಬೇಕು. ಕಾನೂನಿಗೆ ಹೊಂದುವ ಬೇರೆ ವಿಷಯಗಳನ್ನೂ ಜೊತೆಗೇ ಕಲಿಸಬೇಕು.

ಆಗ ಧಾರವಾಡ ಜಿಲ್ಲೆಯ ಹುಡುಗ ವಕೀಲನಾಗಬೇಕೆಂದರೆ ಮುಂಬಯಿ, ಪುಣೆ ಕಡೆ ಗಂಟು ಕಟ್ಟಬೇಕು. ಬೆಳಗಾವಿಯ ಲಾ ಕಾಲೇಜು ಬಂದದ್ದು 1939ರಲ್ಲಿ. ಬಾಡಿಗೆ, ಊಟಕ್ಕೆ ರೊಕ್ಕ ಇದ್ದವರ ಮಕ್ಕಳೇ ವಕೀಲರಾದರೆ ರೊಕ್ಕ ಇಲ್ಲದವರ ಗತಿ? 1945ರಲ್ಲಿ ಪೀಪಲ್ಸ್ ಎಜುಕೇಶನ್ ಸೊಸೈಟಿ ಕಟ್ಟಿ, ಮರುವರ್ಷವೇ ಮುಂಬಯಿಯಲ್ಲಿ ಸಿದ್ಧಾರ್ಥ ಕಾಲೇಜು ತೆರೆದದ್ದು ಈ ಕಾಳಜಿಯಿಂದಲೇ. ಕಾನೂನಿಗೆ ಬೇರೆ ವಿಷಯ ಬೆರೆಸಿದ ಐದು ವರ್ಷದ ಕೋರ್ಸು ದೇಶದಲ್ಲಿ ಬೇರೂರಿದ್ದು 1980ರ ದಶಕದಲ್ಲಿ. ಅದೇ ದಶಕದಲ್ಲಿ ಬೆಂಗಳೂರಿಗೆ ರಾಷ್ಟ್ರೀಯ ಕಾನೂನು ಶಾಲೆ ಬಂತು. ಹುಬ್ಬಳ್ಳಿಯ ನವನಗರದಲ್ಲಿ ರಾಜ್ಯ ಕಾನೂನು ವಿಶ್ವವಿದ್ಯಾಲಯ ಬಂದದ್ದು 2009ರಲ್ಲಿ.

ಮಗಳ ಪಾಲು

1947ರಲ್ಲಿ ಬರೆದ ರಾಜ್ಯಗಳು ಮತ್ತು ಅಲ್ಪಸಂಖ್ಯಾತರು ಎಂಬ ಮನವಿಯಲ್ಲಿ ಅವರು ಇನ್ನೂ ಮುಂದೆ ಹೋಗಿದ್ದರು. ಭೂಮಿಯೆಲ್ಲ ಸರಕಾರದ್ದಾಗಬೇಕು, ಮಾಲೀಕರಿಗೆ ಪರಿಹಾರಪತ್ರ ಕೊಡಬೇಕು, ಜಾತಿ ಭೇದವಿಲ್ಲದೆ ಒಕ್ಕಲು ಮಾಡುವವರು ಕೂಡಿ ಉಳಬೇಕು. ಸಂವಿಧಾನ ಅಷ್ಟು ದೂರ ಹೋಗಲಿಲ್ಲ. ಆಸ್ತಿ ಹಕ್ಕಿನ 31ನೇ ವಿಧಿ ನಾಯಕರೊಳಗಿನ ಜಗ್ಗಾಟದಲ್ಲಿ ಹುಟ್ಟಿದ್ದು, ಅದರ ಹೊಣೆ ಕರಡು ಸಮಿತಿಯದಲ್ಲ ಎಂದು 1955ರಲ್ಲಿ ರಾಜ್ಯಸಭೆಯಲ್ಲಿ ಬಿಚ್ಚಿ ಹೇಳಿದರು. 1978ರ 44ನೇ ತಿದ್ದುಪಡಿ ಆಸ್ತಿಯನ್ನು ಮೂಲಭೂತ ಹಕ್ಕಿನ ಪಟ್ಟಿಯಿಂದ ತೆಗೆದೇ ಹಾಕಿತು.

ಅವರು ಮಂತ್ರಿ ಪದವಿ ಬಿಟ್ಟದ್ದೂ ಆಸ್ತಿಯ ಮಾತಿಗಾಗಿ ಎಂದರೆ ತಪ್ಪಲ್ಲ. ಹೆಣ್ಣುಮಕ್ಕಳಿಗೆ ಪಾಲು ಕೊಡುವ ಹಿಂದೂ ಕೋಡ್ ಮಸೂದೆಯನ್ನು ಸಂಸತ್ತಿನಲ್ಲಿ ಜಗ್ಗಾಡಿ ಕೈಬಿಟ್ಟರು. 1951ರ ಸೆಪ್ಟೆಂಬರಿನಲ್ಲಿ ರಾಜೀನಾಮೆ ಒಗೆದು ಹೊರಬರಲು ಅದೇ ದೊಡ್ಡ ಕಾರಣ. 1956ರಲ್ಲಿ ಹಿಂದೂ ವಾರಸಾ ಕಾಯ್ದೆ ಬಂತು. ಅದೇ ವರ್ಷ ಡಿಸೆಂಬರ್ 6ರಂದು ಅವರು ತೀರಿಕೊಂಡರು. ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಕರ್ನಾಟಕದಲ್ಲಿ ಬಂದದ್ದು 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ.

ಕಾಯ್ದೆ ಬಂತು ಖರೆ. ಆದರೆ ವಾಟ್ನಿಯ ಹೊತ್ತಿಗೆ ಅಕ್ಕತಂಗಿಯರಿಂದ ಹಕ್ಕು ಬಿಟ್ಟ ಪತ್ರಕ್ಕೆ ಸಹಿ ಹಾಕಿಸಿ, ಸೀರೆ ಕುಬಸ ಕೊಟ್ಟು ಕಳಿಸುವ ರೂಢಿ ಹೋಗಿದೆಯೇ? ಸರಕಾರ ದಲಿತರಿಗೆ ಮಂಜೂರು ಮಾಡಿದ ಭೂಮಿ ಪರರ ಪಾಲಾಗಬಾರದೆಂದು 1978ರಲ್ಲಿ ರಾಜ್ಯ ಕಾಯ್ದೆ ಮಾಡಿದೆ. ಅದನ್ನು ಹಿಡಿದು ಅರ್ಜಿ ಹಾಕಲು ಗೊತ್ತಿರುವವರು ಎಷ್ಟು ಮಂದಿ? ಹೆಣ್ಣುಮಕ್ಕಳಿಗೂ ಪರಿಶಿಷ್ಟರಿಗೂ ವಕೀಲರನ್ನು ಪುಕ್ಕಟೆ ಕೊಡಬೇಕೆಂದು 1987ರ ಕಾನೂನು ಸೇವೆಗಳ ಕಾಯ್ದೆ ಹೇಳುತ್ತದೆ. ತಾಲೂಕು ಕೋರ್ಟಿನಲ್ಲೇ ಅರ್ಜಿ ಕೊಡಬಹುದು. ಕೇಳುವವರು ಬೇಕು.

ಬಾಬಾಸಾಹೇಬರು ಹೊಲದ ಹಕ್ಕನ್ನೂ ವಕೀಲಿ ಓದನ್ನೂ ಬೇರೆ ಮಾಡಿ ನೋಡಲಿಲ್ಲ. ಬರುವ ಏಪ್ರಿಲ್ 14ಕ್ಕೆ ಮಾಲೆ ಹಾಕಿ ಬಂದವರು ಒಮ್ಮೆ ತಮ್ಮ ಉತಾರ ತೆಗೆಸಿ ನೋಡಲಿ. ಅದರಲ್ಲಿ ಮನೆಯ ಮಗಳ ಹೆಸರು ಇದೆಯೋ ಇಲ್ಲವೋ ಗೊತ್ತಾಗುತ್ತದೆ.