ಕಲ್ಲಿದ್ದಲ ಗಣಿಯಿಂದ ಲಿಸ್ಬನ್ನಿಗೆ: ಜಾಕ್ ಸ್ಟೀನರ ಜೀವನ

ಹೊಟ್ಟೆಯ ಪಾಡಿಗಾಗಿ ಪರಸ್ಥಳಕ್ಕೆ ಬಂದ ಜನರು ನೆಲೆ ನಿಂತೊಡನೆ ಕೈಗೊಳ್ಳುವ ಕೆಲಸವೆಂದರೆ ಒಂದು ಸಂಘವನ್ನು ಕಟ್ಟುವುದು. ಮುಂಬಯಿಯಲ್ಲಿ ನಮ್ಮವರು ರಾತ್ರಿ ಶಾಲೆಗಳನ್ನೂ ಭಜನಾ ಮಂಡಳಿಗಳನ್ನೂ ಕಟ್ಟಿದುದು ಹೀಗೆಯೇ. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಸೆಲ್ಟಿಕ್ ಎಂಬ ಕಾಲ್ಚೆಂಡಿನ ಕ್ಲಬ್ಬು ಹುಟ್ಟಿದುದೂ ಹೀಗೆಯೇ. ಕ್ಷಾಮಪೀಡಿತ ಐರ್ಲೆಂಡಿನಿಂದ ಕಡಲು ದಾಟಿ ಬಂದ ಕೂಲಿಕಾರರು ಆ ನಗರದ ಪೂರ್ವಭಾಗದ ಕೇರಿಗಳಲ್ಲಿ ತುಂಬಿದ್ದರು. ಅವರ ಮಕ್ಕಳಿಗೆ ಒಂದು ಹೊತ್ತಿನ ಊಟವನ್ನಾದರೂ ಇಕ್ಕಬೇಕೆಂಬ ಹಂಬಲದಿಂದ, ಬ್ರದರ್ ವಾಲ್‌ಫ್ರಿಡ್ ಎಂಬ ಕ್ಯಾಥೊಲಿಕ್ ಧರ್ಮಸಂಘದ ಉಪಾಧ್ಯಾಯರು 1887ನೆಯ ಇಸವಿಯ ನವೆಂಬರ್ ತಿಂಗಳಲ್ಲಿ ಈ ಕ್ಲಬ್ಬಿಗೆ ಅಡಿಗಲ್ಲನ್ನಿಟ್ಟರು. ಪಂದ್ಯದಿಂದ ಬಂದ ಹಣವು ಹಸಿದವರಿಗೆ ಅನ್ನವಾಗಬೇಕು ಎಂಬುದೇ ಅವರ ಉದ್ದೇಶವಾಗಿದ್ದಿತು. ಅನ್ನ ಬಡಿಸುವ ಕಾಯಕದಲ್ಲಿ ದುಡಿಯುವ ನಮ್ಮ ವಾಚಕರಿಗೆ ಈ ಹುಟ್ಟಿನ ಕಥೆ ಪ್ರಿಯವಾಗದೆ ಇರದು.

ಹೀಗೆ ಹುಟ್ಟಿದ ಕ್ಲಬ್ಬು ಎಂಬತ್ತು ವರ್ಷಗಳ ತರುವಾಯ, 1966-67ರ ಒಂದೇ ಋತುವಿನಲ್ಲಿ, ತಾನು ಸ್ಪರ್ಧಿಸಿದ ಐದು ಪಾರಿತೋಷಕಗಳನ್ನೂ ಗೆದ್ದು ಯೂರೋಪ್ ಖಂಡದ ಕಿರೀಟವನ್ನು ಧರಿಸಿತು. ಈ ಕಾರ್ಯವನ್ನು ಸಾಧಿಸಿದ ಪುರುಷನು ಐರಿಷ್ ವಂಶದವನಲ್ಲ, ಕ್ಯಾಥೊಲಿಕ್ ಮತದವನೂ ಅಲ್ಲ. ಭೂಮಿಯ ಹೊಟ್ಟೆಯೊಳಗೆ ಕಲ್ಲಿದ್ದಲನ್ನು ಅಗೆದು ಜೀವನ ಸಾಗಿಸಿದ ಒಬ್ಬ ಕೂಲಿಯಾಳು. ಆ ಜಾಕ್ ಸ್ಟೀನರ ಜೀವನವನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಬೇಕೆಂದಿದ್ದೇವೆ.

ಸ್ಟೀನರು 1922ನೆಯ ಇಸವಿ ಅಕ್ಟೋಬರ್ 5ರಂದು ಲ್ಯಾನರ್ಕ್‌ಶೈರ್ ಪ್ರಾಂತದ ಹ್ಯಾಮಿಲ್ಟನ್ ಪಟ್ಟಣಕ್ಕೆ ಸೇರಿದ ಬರ್ನ್‌ಬ್ಯಾಂಕ್ ಎಂಬಲ್ಲಿ ಜನಿಸಿದರು. ತಂದೆ ಗಣಿ ಕಾರ್ಮಿಕರು. 1937ರಲ್ಲಿ ಶಾಲೆಯನ್ನು ಬಿಟ್ಟ ಹುಡುಗನು ಕೆಲಕಾಲ ರತ್ನಗಂಬಳಿಯ ಕಾರ್ಖಾನೆಯಲ್ಲಿದ್ದು, ಬಳಿಕ ತಂದೆಯ ಹಾದಿಯನ್ನೇ ಹಿಡಿದು ಗಣಿಗಿಳಿದನು. ಆ ಪ್ರಾಂತದಲ್ಲಿ ಗಣಿಯೆಂದರೆ ಅನ್ನವೂ ಹೌದು, ಮೃತ್ಯುವೂ ಹೌದು. ನೆರೆಯ ಬ್ಲಾಂಟೈರಿನಲ್ಲಿ 1877ರಲ್ಲಿ ಸಂಭವಿಸಿದ ಸ್ಫೋಟವೊಂದರಲ್ಲಿಯೇ 200ಕ್ಕೂ ಮಿಕ್ಕಿದ ಕಾರ್ಮಿಕರು ಮಡಿದಿದ್ದರು. ಗಣಿಯ ಕತ್ತಲೆಯಲ್ಲಿ ಒಬ್ಬನ ಪ್ರಾಣವು ಪಕ್ಕದವನ ಕೈಯಲ್ಲಿರುತ್ತದೆ. ಪಕ್ಕದವನ ಮತ ಯಾವುದು, ಮನೆತನ ಯಾವುದು ಎಂದು ಅಲ್ಲಿ ಕೇಳುವಂತಿಲ್ಲ. ಅವನು ನಂಬಿಕೆಗೆ ಅರ್ಹನೇ ಎಂಬುದೊಂದೇ ಪ್ರಶ್ನೆ. ಸ್ಟೀನರು ಈ ಪಾಠವನ್ನು ಜೀವನದುದ್ದಕ್ಕೂ ಮರೆಯಲಿಲ್ಲ.

1942ರಲ್ಲಿ ಅವರು ಆಲ್ಬಿಯನ್ ರೋವರ್ಸ್ ಎಂಬ ಸಣ್ಣ ಕ್ಲಬ್ಬನ್ನು ಸೇರಿದರು. ವಾರವೆಲ್ಲ ಗಣಿಯ ದುಡಿಮೆ, ಶನಿವಾರ ಕಾಲ್ಚೆಂಡಾಟ. ಹೀಗೆ ಎಂಟು ವರ್ಷಗಳು ಕಳೆದುವು. ಅವರದು ನೋಡುವವರ ಕಣ್ಣು ಕುಕ್ಕುವ ಆಟವಾಗಿರಲಿಲ್ಲ. ರಕ್ಷಣಾ ಪಂಕ್ತಿಯ ನಡುವೆ ಅಚಲವಾಗಿ ನಿಲ್ಲುವ ಗಟ್ಟಿ ಆಟವಾಗಿದ್ದಿತು. 1950ರಲ್ಲಿ ವಾರಕ್ಕೆ 12 ಪೌಂಡುಗಳ ಸಂಬಳಕ್ಕೆ ವೇಲ್ಸ್ ದೇಶದ ಲನೆಲಿ ಎಂಬ ಊರಿನ ಕ್ಲಬ್ಬಿಗೆ ಹೋದರು. ಗಣಿಯ ಬದುಕು ಅಲ್ಲಿಗೆ ಮುಗಿಯಿತಾದರೂ ಪರಸ್ಥಳದ ಬದುಕು ಆರಂಭವಾಯಿತು. ಹೆಂಡತಿಯೂ ಮಗಳೂ ಹ್ಯಾಮಿಲ್ಟನ್ನಿನಲ್ಲಿದ್ದಾಗ ಮನೆಗೆ ಎರಡು ಸಲ ಕಳ್ಳರು ನುಗ್ಗಿದರೆಂಬ ವರ್ತಮಾನ ಬಂದಿತು. ಮನೆಯವರನ್ನು ಊರಲ್ಲಿ ಬಿಟ್ಟು ದೂರದಲ್ಲಿ ದುಡಿಯುವವನಿಗೆ ಅಂತಹ ವರ್ತಮಾನವು ಏನು ಮಾಡುತ್ತದೆಂಬುದನ್ನು ನಮ್ಮ ವಾಚಕರಿಗೆ ವಿವರಿಸಬೇಕಾಗಿಲ್ಲ. ಆಟವನ್ನೇ ಬಿಟ್ಟು ಊರಿಗೆ ಮರಳಿ ಗಣಿಗೆ ಸೇರುವುದೆಂದು ಅವರು ಯೋಚಿಸುತ್ತಿರುವಾಗ, 1951ರ ಡಿಸೆಂಬರಿನಲ್ಲಿ ಸೆಲ್ಟಿಕ್ ಕ್ಲಬ್ಬು ಅವರನ್ನು 1,200 ಪೌಂಡುಗಳಿಗೆ ಕರೆಸಿಕೊಂಡಿತು. ಎರಡನೆಯ ತಂಡದ ಹುಡುಗರಿಗೆ ಜೊತೆಯಾಗಿ ಆಡಲೆಂದಷ್ಟೇ ಆ ಕರೆ. ಆದರೆ ಮೊದಲ ತಂಡದ ಆಟಗಾರರು ಒಬ್ಬೊಬ್ಬರಾಗಿ ಗಾಯಗೊಂಡುದರಿಂದ ಅವರಿಗೆ ಅಲ್ಲಿಯೇ ಸ್ಥಾನ ದೊರಕಿತು. ಕೆಲಕಾಲದಲ್ಲಿಯೇ ನಾಯಕತ್ವವೂ ಕೈಸೇರಿತು. ಅವರ ನಾಯಕತ್ವದಲ್ಲಿ ಸೆಲ್ಟಿಕ್ ತಂಡವು 1953ರಲ್ಲಿ ಕಾರೊನೇಷನ್ ಕಪ್ಪನ್ನೂ, 1953-54ರಲ್ಲಿ ಸ್ಕಾಟಿಷ್ ಲೀಗನ್ನೂ ಕಪ್ಪನ್ನೂ ಗೆದ್ದಿತು.

ಇಲ್ಲಿ ಒಂದು ವಿಷಯವನ್ನು ಹೇಳದಿದ್ದರೆ ಸ್ಟೀನರ ಧೈರ್ಯವು ತಿಳಿಯದು. ಗ್ಲಾಸ್ಗೋ ನಗರದಲ್ಲಿ ಅಂದು ಕಾಲ್ಚೆಂಡು ಕೇವಲ ಆಟವಾಗಿರಲಿಲ್ಲ. ಕ್ಯಾಥೊಲಿಕರು ಸೆಲ್ಟಿಕ್ ಪಕ್ಷ, ಪ್ರೊಟೆಸ್ಟೆಂಟರು ರೇಂಜರ್ಸ್ ಪಕ್ಷ. ರೇಂಜರ್ಸ್ ಕ್ಲಬ್ಬು ಕ್ಯಾಥೊಲಿಕ್ ಆಟಗಾರರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಸೆಲ್ಟಿಕ್ ಕ್ಲಬ್ಬಿನಲ್ಲಿ ಆಟಗಾರರ ಮಟ್ಟಿಗೆ ಅಂತಹ ಕಟ್ಟಳೆಯಿರಲಿಲ್ಲ. 1936ರಲ್ಲಿ ನಮ್ಮ ಕಲ್ಕತ್ತೆಯ ಮೊಹಮ್ಮದ್ ಸಲೀಂ ಎಂಬ ಆಟಗಾರನು ಬೂಟಿಲ್ಲದೆ, ಬರಿಯ ಪಾದಗಳಿಗೆ ಬಟ್ಟೆಯ ಪಟ್ಟಿಯನ್ನು ಸುತ್ತಿಕೊಂಡು, ಅದರ ಎರಡನೆಯ ತಂಡದಲ್ಲಿ ಆಡಿ ಜನರನ್ನು ಬೆರಗುಗೊಳಿಸಿದ್ದನು. ಆದರೆ ಸ್ಟೀನರು ಪ್ರೊಟೆಸ್ಟೆಂಟ್ ಕೇರಿಯಲ್ಲಿ ಬೆಳೆದವರು. ಅವರು ಸೆಲ್ಟಿಕ್ಕಿನ ಹಸಿರು ಪಟ್ಟೆಯ ಅಂಗಿಯನ್ನು ತೊಟ್ಟೊಡನೆ ಹಳೆಯ ಗೆಳೆಯರಲ್ಲಿ ಕೆಲವರು ಮುಖ ತಿರುಗಿಸಿದರು. ಸ್ಟೀನರು ಜಗಳವಾಡಲಿಲ್ಲ, ಹಿಂದೆಗೆಯಲೂ ಇಲ್ಲ.

1955ರಲ್ಲಿ ಕಾಲಿನ ಹರಡಿಗೆ ಬಿದ್ದ ಪೆಟ್ಟಿನಿಂದ ಅವರ ಆಟವು ಕೊನೆಗಂಡಿತು. 1957ರಲ್ಲಿ ಕ್ಲಬ್ಬಿನ ಕಿರಿಯ ತಂಡಕ್ಕೆ ಶಿಕ್ಷಕರಾದರು. ಬಿಲ್ಲಿ ಮೆಕ್‌ನೀಲ್ ಮೊದಲಾದ ತರುಣರು ಅವರ ಕೈಯಲ್ಲಿಯೇ ತಿದ್ದಿಸಿಕೊಂಡರು. ಆದರೆ ಪ್ರೊಟೆಸ್ಟೆಂಟರಾದ ತಮಗೆ ಆ ಕ್ಲಬ್ಬಿನಲ್ಲಿ ಮುಂದಿನ ಮೆಟ್ಟಿಲಿಲ್ಲವೆಂದು ಅವರು ಭಾವಿಸಿದರು. 1960ರಲ್ಲಿ ಡನ್‌ಫರ್ಮ್‌ಲಿನ್ ಎಂಬ ಕ್ಲಬ್ಬಿಗೆ ಮ್ಯಾನೇಜರರಾಗಿ ಹೋದರು. ಕೆಳದರ್ಜೆಗೆ ಬೀಳುವ ಭಯದಲ್ಲಿದ್ದ ಆ ತಂಡವನ್ನು ಉಳಿಸಿ, ಮರುವರ್ಷವೇ ಸ್ಕಾಟಿಷ್ ಕಪ್ಪನ್ನು ಗೆಲ್ಲಿಸಿದರು. ಅಂತಿಮ ಪಂದ್ಯದಲ್ಲಿ ಸೋತವರು ಸೆಲ್ಟಿಕ್ಕಿನವರೇ ಎಂಬುದು ಗಮನಾರ್ಹ. 1963ರಲ್ಲಿ ಅವರು ಇಟಲಿಯ ಮಿಲಾನ್ ನಗರಕ್ಕೆ ಹೋಗಿ, ಇಂಟರ್ ಮಿಲಾನ್ ಕ್ಲಬ್ಬಿನ ಪ್ರಸಿದ್ಧ ಶಿಕ್ಷಕ ಹೆಲೇನಿಯೋ ಹೆರೇರಾ ತಮ್ಮ ತಂಡವನ್ನು ಪಳಗಿಸುವ ಬಗೆಯನ್ನು ಹತ್ತಿರದಿಂದ ಅಭ್ಯಸಿಸಿದರು. ಮ್ಯಾನೇಜರರಾದ ಮೇಲೂ ವಿದ್ಯಾರ್ಥಿಯಾಗಿ ಕೂತುಕೊಳ್ಳಲು ಅವರಿಗೆ ಸಂಕೋಚವಾಗಲಿಲ್ಲ.

ಹೈಬರ್ನಿಯನ್ ಕ್ಲಬ್ಬಿನಲ್ಲಿ ಒಂದು ವರ್ಷದಷ್ಟು ಕಾಲ ಕಳೆದ ಬಳಿಕ, 1965ರ ಮಾರ್ಚ್ ತಿಂಗಳಲ್ಲಿ ಅವರು ಸೆಲ್ಟಿಕ್ಕಿಗೆ ಮರಳಿದರು. ಆ ಕ್ಲಬ್ಬಿನ ನಾಲ್ಕನೆಯ ಮ್ಯಾನೇಜರರೂ ಆ ಪದವಿಗೇರಿದ ಮೊದಲ ಪ್ರೊಟೆಸ್ಟೆಂಟರೂ ಅವರೇ. ಸೆಲ್ಟಿಕ್ 1954ರಿಂದ ಲೀಗನ್ನು ಗೆದ್ದಿರಲಿಲ್ಲ. ಸ್ಟೀನರು ಬಂದು ಕೆಲವೇ ವಾರಗಳಲ್ಲಿ ಸ್ಕಾಟಿಷ್ ಕಪ್ಪು ಬಂದಿತು. ಮರುವರ್ಷ ಲೀಗ್ ಕೂಡ ಬಂದಿತು. ಹಣ ಸುರಿದು ದೂರದಿಂದ ಆಟಗಾರರನ್ನು ತಂದುದರ ಫಲವಲ್ಲ ಇದು. ಬಹುಪಾಲು ಹುಡುಗರು ಮೊದಲೇ ಅಲ್ಲಿದ್ದವರು. ಯಾರು ಎಲ್ಲಿ ನಿಂತರೆ ಚೆನ್ನ, ಯಾರಿಗೆ ಗದರಿಕೆ ಬೇಕು, ಯಾರಿಗೆ ಬೆನ್ನು ತಟ್ಟಬೇಕು ಎಂಬುದನ್ನು ಬಲ್ಲವರು ಬಂದುದೇ ವ್ಯತ್ಯಾಸ. ಅಲ್ಲದೆ, ಆಟಗಾರನನ್ನು ಆರಿಸುವಾಗ ಅವನು ಯಾವ ಚರ್ಚಿಗೆ ಹೋಗುತ್ತಾನೆಂದು ಸ್ಟೀನರು ನೋಡುತ್ತಿರಲಿಲ್ಲ. ಗಣಿಯ ಪಾಠವೇ ಇಲ್ಲಿಯೂ ನಡೆಯಿತು.

ಇನ್ನು 1966-67ರ ಆ ಋತುವಿನ ವೃತ್ತಾಂತ. ಅಕ್ಟೋಬರಿನಲ್ಲಿ ರೇಂಜರ್ಸ್ ತಂಡವನ್ನು 1-0 ಅಂತರದಿಂದ ಸೋಲಿಸಿ ಲೀಗ್ ಕಪ್ಪನ್ನು ಗೆದ್ದರು. ನವೆಂಬರಿನಲ್ಲಿ ಗ್ಲಾಸ್ಗೋ ಕಪ್ಪು ಕೈಸೇರಿತು. ಏಪ್ರಿಲ್ 29ರಂದು ಆಬರ್ಡೀನ್ ತಂಡವನ್ನು 2-0 ಅಂತರದಿಂದ ಮಣಿಸಿ ಸ್ಕಾಟಿಷ್ ಕಪ್ಪನ್ನು ಪಡೆದರು. ಮೇ 6ರಂದು ರೇಂಜರ್ಸ್‌ರ ಮೈದಾನದಲ್ಲಿಯೇ 2-2 ಸಮ ಸಾಧಿಸಿ ಲೀಗನ್ನು ಭದ್ರಪಡಿಸಿಕೊಂಡರು. ಲೀಗಿನ 34 ಪಂದ್ಯಗಳಲ್ಲಿ ಸೋತುದು ಎರಡರಲ್ಲಿ ಮಾತ್ರ. ಹೊಡೆದ ಗೋಲುಗಳು 111. ಎದುರಾಳಿಗಳು ದುರ್ಬಲರಾಗಿದ್ದರೆಂದು ಯಾರೂ ತಿಳಿಯಬಾರದು. ಮೂರೇ ಅಂಕಗಳಷ್ಟು ಹಿಂದುಳಿದ ರೇಂಜರ್ಸ್ ತಂಡವು ಅದೇ ವರ್ಷ ಯೂರೋಪಿನ ಕಪ್ ವಿಜೇತರ ಪಂದ್ಯಾವಳಿಯ ಅಂತಿಮ ಪಂದ್ಯದವರೆಗೂ ನಡೆದಿತ್ತು.

ಇದೆಲ್ಲದರ ನಡುವೆ ಯೂರೋಪಿಯನ್ ಕಪ್ಪಿನ ಪಂದ್ಯಗಳೂ ಸಾಗಿದ್ದುವು. ಆಯಾ ದೇಶದ ಲೀಗ್ ವಿಜೇತರು ಸೆಣಸುವ ಈ ಪಂದ್ಯಾವಳಿಯು 1955ರಲ್ಲಿ ಆರಂಭವಾದಂದಿನಿಂದ ಸ್ಪೇನ್, ಪೋರ್ತುಗಲ್, ಇಟಲಿ ದೇಶಗಳ ಕ್ಲಬ್ಬುಗಳ ಹೊರತು ಇನ್ನಾರೂ ಅದನ್ನು ಗೆದ್ದಿರಲಿಲ್ಲ. ಸೆಲ್ಟಿಕ್ ತಂಡವು ಸ್ವಿಟ್ಜರ್ಲೆಂಡಿನ ಜ್ಯೂರಿಕ್ ತಂಡವನ್ನೂ ಫ್ರಾನ್ಸಿನ ನಾಂತ್ ತಂಡವನ್ನೂ ದಾಟಿತು. ಯುಗೊಸ್ಲಾವಿಯಾದ ವೋಯ್ವೋಡಿನಾ ತಂಡವು ತನ್ನ ಊರಿನಲ್ಲಿ ಒಂದು ಗೋಲಿನಿಂದ ಗೆದ್ದಿದ್ದಿತು. ಗ್ಲಾಸ್ಗೋದಲ್ಲಿ ಕೊನೆಯ ಗಳಿಗೆಯಲ್ಲಿ ನಾಯಕ ಮೆಕ್‌ನೀಲ್ ತಲೆಯಿಂದ ಹೊಡೆದ ಗೋಲು ಸೆಲ್ಟಿಕ್ಕನ್ನು ಪಾರುಮಾಡಿತು. ಉಪಾಂತ್ಯದಲ್ಲಿ ಡುಕ್ಲಾ ಪ್ರಾಗ್ ತಂಡವನ್ನು ಸ್ವಂತ ಮೈದಾನದಲ್ಲಿ 3-1 ಅಂತರದಿಂದ ಸೋಲಿಸಿ, ಪ್ರಾಗ್ ನಗರದಲ್ಲಿ ಬರಿಯ ರಕ್ಷಣೆಯ ಆಟದಿಂದ ಗೋಲಿಲ್ಲದ ಸಮ ಸಾಧಿಸಿದರು. ಗುರಿ ಸಾಧಿಸಿದರೂ ಆ ಅಂಜಿಕೆಯ ಆಟವು ಸ್ಟೀನರ ಮನಸ್ಸಿಗೆ ಒಗ್ಗಲಿಲ್ಲ.

ಅಂತಿಮ ಪಂದ್ಯವು 1967ರ ಮೇ 25ರಂದು ಪೋರ್ತುಗಲ್ಲಿನ ಲಿಸ್ಬನ್ ನಗರದಲ್ಲಿ. ಎದುರಾಳಿಯು 1964ರಲ್ಲಿಯೂ 1965ರಲ್ಲಿಯೂ ಕಪ್ಪನ್ನು ಗೆದ್ದ ಇಂಟರ್ ಮಿಲಾನ್. ಅದರ ಶಿಕ್ಷಕರು ಸ್ಟೀನರು ಹಿಂದೆ ನೋಡಿ ಕಲಿತ ಆ ಹೆರೇರಾ. ಒಂದು ಗೋಲು ಹೊಡೆದು, ಬಳಿಕ ಬಾಗಿಲಿಗೆ ಅಗಳಿ ಹಾಕಿದಂತೆ ಗೋಲನ್ನು ಭದ್ರಪಡಿಸಿ ಕುಳಿತುಬಿಡುವುದು ಆ ತಂಡದ ಪ್ರಖ್ಯಾತ ತಂತ್ರ. ಸೆಲ್ಟಿಕ್ಕಿನ ಹನ್ನೊಂದು ಮಂದಿಯಾದರೋ ತಮ್ಮ ಮೈದಾನದಿಂದ 30 ಮೈಲುಗಳ ಒಳಗೆ ಹುಟ್ಟಿದವರು. ಹೆಚ್ಚಿನವರು ದುಡಿಯುವ ಜನರ ಮಕ್ಕಳು. ಏಳನೆಯ ನಿಮಿಷದಲ್ಲಿಯೇ ಪೆನಾಲ್ಟಿಯಿಂದ ಇಟಲಿಯವರು ಮುಂದಾದರು, ಅಗಳಿ ಬಿದ್ದಿತು. ಆದರೆ ಸ್ಟೀನರು ತಮ್ಮವರಿಗೆ ಕಲಿಸಿದ್ದುದು ಮುನ್ನುಗ್ಗುವುದನ್ನು. ಅಲೆಯ ಮೇಲೆ ಅಲೆಯಾಗಿ ಅವರು ನುಗ್ಗಿದರು. ಎರಡು ಸಲ ಚೆಂಡು ಗೋಲಿನ ಅಡ್ಡಕಂಬಕ್ಕೆ ಬಡಿದು ಮರಳಿತು. 63ನೆಯ ನಿಮಿಷದಲ್ಲಿ ಟಾಮಿ ಗೆಮ್ಮಲ್ ದೂರದಿಂದ ಹೊಡೆದ ಹೊಡೆತ ಬಲೆಗೆ ಬಿದ್ದಿತು. ಪಂದ್ಯ ಮುಗಿಯಲು ಐದಾರು ನಿಮಿಷಗಳಿರುವಾಗ ಸ್ಟೀವ್ ಚಾಮರ್ಸ್ ಎರಡನೆಯ ಗೋಲನ್ನು ಸೇರಿಸಿದನು. ಯೂರೋಪಿಯನ್ ಕಪ್ಪು ಮೊದಲ ಬಾರಿಗೆ ಬ್ರಿಟನ್ನಿನ ಒಂದು ಕ್ಲಬ್ಬಿಗೆ ಸಂದಿತು. ಸಂತೋಷಭರಿತರಾದ ಜನರು ಮೈದಾನಕ್ಕೆ ನುಗ್ಗಿದುದರಿಂದ ಇಡಿಯ ತಂಡವು ವೇದಿಕೆಗೆ ಹೋಗಲಾಗಲಿಲ್ಲ. ಮೆಕ್‌ನೀಲ್ ಆ ಜನಸಂದಣಿಯನ್ನು ದಾಟಿ ಹೋಗಿ ಕಪ್ಪನ್ನು ಎತ್ತಿ ಹಿಡಿದನು. ಆ ಹನ್ನೊಂದು ಮಂದಿಯನ್ನು ಜನರು ಲಿಸ್ಬನ್ನಿನ ಸಿಂಹಗಳೆಂದು ಕರೆದರು.

ಮುಂದಿನ ವರ್ಷಗಳಲ್ಲಿ ಗೆಲುವೂ ಇದ್ದಿತು, ನೋವೂ ಇದ್ದಿತು. 1966ರಿಂದ 1974ರವರೆಗೆ ಸತತವಾಗಿ ಒಂಬತ್ತು ಸಲ ಸೆಲ್ಟಿಕ್ ಲೀಗನ್ನು ಗೆದ್ದಿತು. 1970ರಲ್ಲಿ ಮತ್ತೊಮ್ಮೆ ಯೂರೋಪಿಯನ್ ಕಪ್ಪಿನ ಅಂತಿಮ ಪಂದ್ಯಕ್ಕೇರಿ ಹಾಲೆಂಡಿನ ಫೇಯನೂರ್ಡ್ ತಂಡಕ್ಕೆ ಸೋತಿತು. 1975ರ ಜುಲೈ ತಿಂಗಳಲ್ಲಿ ಕಾರು ಅಪಘಾತದಲ್ಲಿ ಸ್ಟೀನರು ಸಾವಿನ ಬಾಗಿಲವರೆಗೆ ಹೋಗಿ ಬಂದರು. ಒಂದು ಋತುವನ್ನೇ ಕಳೆದುಕೊಂಡರು. 1977ರಲ್ಲಿ ಲೀಗನ್ನೂ ಕಪ್ಪನ್ನೂ ಪುನಃ ಗೆದ್ದುಕೊಟ್ಟರು. ಆದರೆ 1978ರಲ್ಲಿ ಮ್ಯಾನೇಜರ್ ಪದವಿಯು ಅವರ ಶಿಷ್ಯ ಮೆಕ್‌ನೀಲನಿಗೆ ಹೋಯಿತು. ಸ್ಟೀನರಿಗೆ ಕ್ಲಬ್ಬಿನವರು ತೋರಿಸಿದುದು ನಿಧಿಸಂಗ್ರಹದ ಲಾಟರಿಯ ಉಸ್ತುವಾರಿಯನ್ನು. ಜೀವಮಾನದ ದುಡಿಮೆಯ ಕೊನೆಯಲ್ಲಿ ಮೂಲೆಯ ಮೇಜನ್ನು ತೋರಿಸಿಕೊಂಡ ಗುಮಾಸ್ತರಿಗೆ ಈ ನೋವು ಅರ್ಥವಾದೀತು. ಅವರು ಅದನ್ನು ಬಿಟ್ಟು ಇಂಗ್ಲೆಂಡಿನ ಲೀಡ್ಸ್ ಕ್ಲಬ್ಬಿಗೆ ಹೋದರು. 44 ದಿನಗಳ ತರುವಾಯ ಸ್ವದೇಶದ ತಂಡದ ಹೊಣೆಯನ್ನು ವಹಿಸಿಕೊಂಡರು. 1982ರ ವಿಶ್ವ ಕಪ್ಪಿಗೆ ಸ್ಕಾಟ್ಲೆಂಡನ್ನು ಕರೆದೊಯ್ದರು. ಕೀರ್ತಿ ಬಂದ ಮೇಲೂ ಗಣಿಯವರೊಡನೆ ಅವರ ನಂಟು ಕಡಿಯಲಿಲ್ಲ. 1984-85ರ ದೀರ್ಘ ಮುಷ್ಕರದ ಕಾಲದಲ್ಲಿ ಗಣಿ ಕಾರ್ಮಿಕರ ನಿಧಿಗೆ ಹಣ ಕೊಟ್ಟರು.

1985ರ ಸೆಪ್ಟೆಂಬರ್ 10ರಂದು ವೇಲ್ಸಿನ ಕಾರ್ಡಿಫ್ ನಗರದಲ್ಲಿ ಪಂದ್ಯ. ವಿಶ್ವ ಕಪ್ಪಿನ ಆಸೆ ಉಳಿಯಬೇಕಾದರೆ ಸ್ಕಾಟ್ಲೆಂಡಿಗೆ ಸಮವಾದರೂ ಬೇಕಾಗಿದ್ದಿತು. ಒಂದು ಗೋಲು ಹಿಂದಿದ್ದ ತಂಡಕ್ಕೆ ಕೊನೆಯ ಹತ್ತು ನಿಮಿಷಗಳಲ್ಲಿ ಪೆನಾಲ್ಟಿ ದೊರೆಯಿತು. ರೇಂಜರ್ಸ್ ಕ್ಲಬ್ಬಿನ ಡೇವಿ ಕೂಪರ್ ಅದನ್ನು ಗೋಲಾಗಿಸಿದನು. ಪಂದ್ಯವು ಮುಗಿಯುವ ಹೊತ್ತಿಗೆ ಸ್ಟೀನರು ಮೈದಾನದ ಅಂಚಿನಲ್ಲಿಯೇ ಕುಸಿದರು. ಕ್ರೀಡಾಂಗಣದ ವೈದ್ಯಕೀಯ ಕೊಠಡಿಯಲ್ಲಿ ಪ್ರಾಣಬಿಟ್ಟರು. ಅವರಿಗೆ ಆಗ 62 ವರ್ಷ. ಸಮ ಸಾಧಿಸಿದ ತಂಡದ ಆಟಗಾರರಿಗೆ ಹರ್ಷಿಸುವ ಅವಕಾಶವೇ ದೊರೆಯಲಿಲ್ಲ.

ಇಂದು ಸೆಲ್ಟಿಕ್ ಮೈದಾನದ ಮುಂದೆ ನಿಂತಿರುವ ಪ್ರತಿಮೆಗಳಲ್ಲಿ ಎರಡು ಇವು: ಹಸಿದ ಮಕ್ಕಳಿಗಾಗಿ ಕ್ಲಬ್ಬನ್ನು ಕಟ್ಟಿದ ಬ್ರದರ್ ವಾಲ್‌ಫ್ರಿಡ್‌ರದು ಒಂದು, ಗಣಿಯಿಂದ ಬಂದ ಸ್ಟೀನರದು ಇನ್ನೊಂದು. ಇಬ್ಬರ ಮತವೂ ಬೇರೆ, ಕುಲವೂ ಬೇರೆ. ಮಾಡಿದ ಸೇವೆ ಒಂದೇ ಸಂಘಕ್ಕೆ. ನಮ್ಮ ಸಂಘಗಳಲ್ಲಿಯೂ ಊರು ಯಾವುದು, ಜಾತಿ ಯಾವುದು, ಯಾರ ಕಡೆಯವನು ಎಂಬ ವಿಚಾರಣೆ ತಲೆಯೆತ್ತುವುದುಂಟು. ಆ ಸಂದರ್ಭದಲ್ಲಿ ಲಿಸ್ಬನ್ನಿನ ಆ ಹನ್ನೊಂದು ಮಂದಿ ನೆರೆಹೊರೆಯ ಹುಡುಗರನ್ನೂ, ಪಕ್ಕದವನು ನಂಬಿಕಸ್ಥನೇ ಎಂಬುದೊಂದನ್ನೇ ನೋಡಿದ ಅವರ ಗುರುವನ್ನೂ ವಾಚಕರು ನೆನೆಯುವುದಾದರೆ ನಮ್ಮ ಈ ಬರಹವು ಸಾರ್ಥಕವೆಂದು ಭಾವಿಸುತ್ತೇವೆ.